ಮಂತ್ರಿ ಕೂತ ಗೊರಬು

ಹೊಸಮಕ್ಕಿಯ ತಮ್ಮಯ್ಯನಿಗೆ ಎಂಟು ಗೊರಬು ಹೆಣೆದ ಕೂಲಿ ಬಾಕಿ ಇದೆ. ಮೂರು ವರ್ಷವಾಯಿತು, ಬಂದಿಲ್ಲ. ಕೊಡಬೇಕಾದವರಿಗೆ ದುಡ್ಡಿನ ಅಡಚಣೆ ಏನೂ ಇಲ್ಲ. ಅವರ ಮನೆ ನಾಯಿಗೆ ಬಿಸ್ಕತ್ತು ಚಿಕ್ಕಮಗಳೂರಿನಿಂದ ಬರುತ್ತದೆ. ಆದರೆ ಕೂಲಿ ಕೊಟ್ಟರೆ ಕೆಲಸ ಮಾಡಿಸಿದ್ದು ತಾವೇ ಎಂದು ಒಪ್ಪಿಕೊಂಡ ಹಾಗಾಗುತ್ತದೆ. ಒಪ್ಪಿಕೊಂಡರೆ ತಮ್ಮಯ್ಯ ಕಳ್ಳ ಅನ್ನುವ ಕೇಸು ಬಿದ್ದುಹೋಗುತ್ತದೆ. ತಮ್ಮಯ್ಯ ಕಳ್ಳನಾಗಿಯೇ ಉಳಿಯುವುದು ಸದ್ಯಕ್ಕೆ ಬಹಳ ಜನಕ್ಕೆ ಅನುಕೂಲ.

ಬಯಲುಸೀಮೆಯವರಿಗೆ ಗೊರಬು ಗೊತ್ತಿರಲಿಕ್ಕಿಲ್ಲ. ಸಣ್ಣ ದೋಣಿಯೊಂದನ್ನು ನಡುವಿಗೆ ಕಡಿದು ಬೆನ್ನಿನ ಮೇಲೆ ಬೋರಲು ಹಾಕಿಕೊಂಡರೆ ಹೇಗೋ ಹಾಗಿರುತ್ತದೆ. ವಾಟೆ ಅಂತ ನಮ್ಮ ಕಾಡಿನಲ್ಲಿ ಬೆಳೆಯುವ ತೆಳು ಬಿದಿರನ್ನು ಸೀಳಿ ಎರಡು ಜಾಲರಿ ಹೆಣೆದು, ನಡುವೆ ಎಲೆ ಹಾಸಿ ಬಿಗಿದರೆ ಗೊರಬು. ತಲೆಯಿಂದ ಸೊಂಟದ ಕೆಳಗಿನವರೆಗೆ ಮುಚ್ಚುತ್ತದೆ, ಎರಡೂ ಕೈ ಖಾಲಿ ಬಿಡುತ್ತದೆ. ಛತ್ರಿ ಹಿಡಿದು ಯಾರೂ ನಾಟಿ ಮಾಡಲಾರರು. ತಲೆಯಿಂದ ಹೊದೆಯುವ ಪ್ಲಾಸ್ಟಿಕ್ ಕೊಪ್ಪೆ ಬಂದ ಮೇಲೆ ಗೊರಬಿನ ವ್ಯಾಪಾರ ಅರ್ಧಕ್ಕೆ ಬಿತ್ತು ನಿಜ. ಆದರೆ ಕೊಪ್ಪೆ ಗಾಳಿಗೆ ಹಾರುತ್ತದೆ, ಒಳಗೆ ಬೆವರು ಸುರಿಯುತ್ತದೆ ಎಂದು ಬೈಯುವ ಹೆಂಗಸರು ನಮ್ಮ ಕಡೆ ಇನ್ನೂ ಇದ್ದಾರೆ. ಅವರೇ ತಮ್ಮಯ್ಯನ ಗಿರಾಕಿಗಳು.

ತಮ್ಮಯ್ಯನನ್ನು ದೇವರಂಥ ಮನುಷ್ಯ ಎಂದು ಬರೆಯುವ ಉದ್ದೇಶ ನನಗಿಲ್ಲ. ಅವನು ದೊಡ್ಡ ಬಾಯಿಯವನು. ಕಳಸದ ಸಂತೆಯಲ್ಲಿ ಗೊರಬು ಮಾರುವಾಗ ತಾನೇ ಅದನ್ನು ಹಾಕಿಕೊಂಡು, ಬಕೆಟ್ಟಿನಲ್ಲಿ ನೀರು ಹೊಯ್ಯಿಸಿಕೊಂಡು, "ನೋಡ್ರಿ, ಒಂದು ಹನಿ ಬಿತ್ತಾ? ಬಿದ್ರೆ ಗೊರಬು ಪುಕ್ಕಟೆ!" ಎಂದು ಕೂಗುತ್ತಿದ್ದ. ಬೇರೆಯವರು ಹೆಣೆದ ಬುಟ್ಟಿ ಕಂಡರೆ, "ಇದ್ರಲ್ಲಿ ನೀರು ತರ್ಬೋದು ಕಣೋ, ಅರ್ಧ ದಾರಿವರೆಗೆ" ಎನ್ನುತ್ತಿದ್ದ. ಹೊಗಳಿಕೆ ಸಿಗುತ್ತದೆ ಎಂದರೆ ಮಾಡುತ್ತಿದ್ದ ಊಟ ಬಿಟ್ಟು ಬರುವವನು. ಅವನ ಹೆಂಡತಿ ಅಂಜನಮ್ಮ ಇದನ್ನು ಮದುವೆಯಾದ ವಾರಕ್ಕೇ ಕಂಡುಹಿಡಿದು, ಸೌದೆ ಒಡೆಸಬೇಕಾದಾಗಲೆಲ್ಲ ಅವನ ಕೊಡಲಿ ಏಟನ್ನು ಹೊಗಳುತ್ತ ಸಂಸಾರ ಸಾಗಿಸಿದವಳು.

ಅವನಿಗೆ ಒಂದೇ ಒಂದು ಚಿಂತೆ: ವಾಟೆ. ಅದು ಬೆಳೆಯುವುದು ಊರ ಹಿಂದಿನ ನೆತ್ತಿಗುಡ್ಡದಲ್ಲಿ. ಅವನ ಅಪ್ಪ, ಅಜ್ಜ ಎಲ್ಲ ಅಲ್ಲೇ ಕಡಿದವರು. ತೊಂಬತ್ತರ ದಶಕದ ನಡುವೆ ಗುಡ್ಡದ ಬುಡಕ್ಕೆ ಅರಣ್ಯ ಇಲಾಖೆಯ ಹಸಿರು ಬೋರ್ಡು ಬಂತು. ಒಳಗೆ ಹೋಗುವುದು, ಕಡಿಯುವುದು, ಮೇಯಿಸುವುದು, ಎಲ್ಲ ಅಪರಾಧ. ಬೋರ್ಡಿನ ಜೊತೆಗೆ ಒಬ್ಬ ಗಾರ್ಡೂ ಬಂದ. ವರ್ಷಕ್ಕೆ ಎರಡು ಬುಟ್ಟಿ, ಒಂದು ಕೋಳಿ ಮುಚ್ಚುವ ಪಂಜರ ಅವನ ಮನೆಗೆ ಸೇರಿದರೆ ತಮ್ಮಯ್ಯ ಗುಡ್ಡ ಹತ್ತಿದ್ದು ಅವನಿಗೆ ಕಾಣುತ್ತಿರಲಿಲ್ಲ. ಆದರೆ ಗಾರ್ಡುಗಳು ಬದಲಾಗುತ್ತಾರೆ. ಒಂದು ಪಾಸು ಬೇಕು, ಸೀಲು ಹೊಡೆದ ಪಾಸು, 'ತಮ್ಮಯ್ಯ ವಾಟೆ ಕಡಿಯಬಹುದು' ಅಂತ. ಇಷ್ಟೇ ಅವನ ಆಸೆ. ಅದಕ್ಕಾಗಿ ಹತ್ತದ ಕಚೇರಿ ಇಲ್ಲ. ಒಂದು ಕಡೆ, ಗೊರಬು ಅಂದರೆ ಯಾವ ಪ್ರಾಣಿ ಎಂದು ಕೇಳಿದರಂತೆ.

ಇಷ್ಟರಲ್ಲಿ ಕಾಫಿ ರೇಟು ಬಿತ್ತು. ಎರಡು ಸಾವಿರದ ಇಸವಿ ಆದ ಮೇಲೆ ಪಾರ್ಚ್‌ಮೆಂಟ್ ಕಾಫಿಯ ಮೂಟೆ ಕೇಳುವವರಿಲ್ಲದಂತಾಯಿತು. ಆ ವರ್ಷಗಳಲ್ಲಿ ನಮ್ಮ ಪ್ಲಾಂಟರುಗಳಿಗೆ ಇದ್ದಕ್ಕಿದ್ದ ಹಾಗೆ ಪ್ರಕೃತಿ ಸುಂದರವಾಗಿ ಕಾಣತೊಡಗಿತು. ಅದುವರೆಗೆ ಮಂಜು ಅಂದರೆ ಕೊಳೆರೋಗ, ಮಳೆ ಅಂದರೆ ಕಾಯಿ ಉದುರುವುದು ಎಂದು ಗೊಣಗುತ್ತಿದ್ದವರು, ಮಂಜಿಗೂ ಮಳೆಗೂ ಟಿಕೆಟ್ ಇಡಬಹುದಲ್ಲ ಎಂದು ಯೋಚಿಸಿದರು. ಹೊಸಮಕ್ಕಿಯ ದೊಡ್ಡ ಎಸ್ಟೇಟಿನ ಸೋಮಶೇಖರಪ್ಪನವರು ಎಲ್ಲರಿಗಿಂತ ಒಂದು ಹೆಜ್ಜೆ ಮುಂದೆ. ತಮ್ಮ ತೋಟದ ಮೇಲಿನಿಂದ ನೆತ್ತಿಗುಡ್ಡದ ತುದಿಗೆ ರೋಪ್‌ವೇ ಹಾಕಿಸುತ್ತೇನೆ ಎಂದು ಹೊರಟರು. ಒಂದು ಸಮಿತಿ ಹುಟ್ಟಿತು. ಅಧ್ಯಕ್ಷರು ಅವರೇ. ಸದಸ್ಯರು ಅವರ ಭಾವ, ಭಾವನ ತಮ್ಮ, ಮತ್ತು 'ಸ್ಥಳೀಯ ಜನತೆ'. ಸ್ಥಳೀಯ ಜನತೆಗೆ ತಾನು ಸದಸ್ಯ ಎಂಬುದು ಪೇಪರಿನಲ್ಲಿ ಬಂದ ಮೇಲೆ ಗೊತ್ತಾಯಿತು.

ದನ ಮೇಯಿಸಿದರೆ ಹಾಳಾಗುವ ಗುಡ್ಡ ಕಂಬ ನೆಟ್ಟರೆ ಹಾಳಾಗುವುದಿಲ್ಲವೇ ಎಂದು, ಗುಡ್ಡ ಉಳಿಸಲು ಕಟ್ಟಿಕೊಂಡಿದ್ದ ನಮ್ಮ ಸಂಘದವರು ಕೇಳಿದೆವು. "ಅದು ಪರಿಸರಸ್ನೇಹಿ ಕಂಬ" ಎಂಬ ಉತ್ತರ ಬಂತು.

ನವರಾತ್ರಿಗೆ ಸ್ವಲ್ಪ ಮುಂಚೆ ರೋಪ್‌ವೇ ಹಾಕುವ ಕಂಪನಿಯ ಮನುಷ್ಯನೊಬ್ಬ ಒಂದು ನಮೂನೆ ಕುರ್ಚಿ ತಂದ. ಹಬ್ಬ ಮುಗಿದ ವಾರದೊಳಗೆ ಮಂತ್ರಿಗಳು ಬಂದು ನೋಡುವವರಿದ್ದರು. ಕುರ್ಚಿಗಿಂತ ಅದರ ಮುಚ್ಚಳವೇ ಜೋರು. ಮೊಟ್ಟೆ ಸಿಪ್ಪೆಯ ಹಾಗೆ ಬಾಗಿದ, ಹೊಗೆ ಬೆರೆಸಿದ ನೀಲಿ ಬಣ್ಣದ, ಆಚೆಯದು ಕಾಣುವ ಪ್ಲಾಸ್ಟಿಕ್ಕು. ತಲೆಯ ಮೇಲಿನಿಂದ ಮೊಣಕಾಲಿನವರೆಗೆ ಇಳಿದು ಕೂತವರನ್ನು ಮುಚ್ಚುತ್ತದೆ. ಎಸ್ಟೇಟಿನ ಕಣದಲ್ಲಿ ಅದನ್ನು ಇಳಿಸಿದಾಗ ಕೆಲಸ ಬಿಟ್ಟು ಎಲ್ಲ ಸುತ್ತ ನಿಂತರು.

"ಗುಂಡು ಹೊಡೆದರೂ ಒಡೆಯುವುದಿಲ್ಲ" ಎಂದ ಕಂಪನಿಯವನು.

"ಯಾರು ಹೊಡೀತಾರೆ?" ಎಂದು ಅಂಜನಮ್ಮ ಕೇಳಿದಳು.

"ಹಾಗಲ್ಲಮ್ಮ, ಗಟ್ಟಿ ಅಂತ."

"ಬಣ್ಣ ಎಂತಕ್ಕೆ?"

"ಬಿಸಿಲಿಗೆ ಪ್ರವಾಸಿಗಳ ಕಣ್ಣು ನೋಯಬಾರದಲ್ಲ."

ಹೆಂಗಸರೆಲ್ಲ ಆಕಾಶ ನೋಡಿದರು. ಜೂನಿನಿಂದ ಅಲ್ಲಿ ಸೂರ್ಯ ಸರಿಯಾಗಿ ಮುಖ ತೋರಿಸಿರಲಿಲ್ಲ. "ಬಿಸಿಲನ್ನೂ ಕಂಪನಿಯೋರೇ ತರ್ತಾರೇನೋ" ಎಂದಳು ಅಂಜನಮ್ಮ.

"ಇನ್ನೊಂದು ವಿಶೇಷ ಇದೆ. ಒಳಗೆ ಕೂತವರಿಗೆ ಹೊರಗಿನದೆಲ್ಲ ಕಾಣುತ್ತದೆ. ಹೊರಗಿನವರಿಗೆ ಒಳಗೆ ಯಾರಿದ್ದಾರೆ, ಏನು ಮಾಡುತ್ತಿದ್ದಾರೆ, ಕಾಣುವುದಿಲ್ಲ."

"ಅದು ಹೊಸದೇನಲ್ಲ ಬಿಡಿ. ನಮ್ ಅಯ್ಯನ ಜೀಪೂ ಹಂಗೇ."

ಸೋಮಶೇಖರಪ್ಪನವರು ಕೇಳಿಸದವರ ಹಾಗೆ ಅತ್ತ ತಿರುಗಿದರು. ತಮ್ಮಯ್ಯ ಮಾತ್ರ ಮುಚ್ಚಳದ ಸುತ್ತ ಎರಡು ಸುತ್ತು ಬಂದು, ಬೆರಳಿನಲ್ಲಿ ತಟ್ಟಿ, "ಇದು ಗೊರಬೇ ಮಾರಾಯ. ನಮ್ಮಪ್ಪ ಮಾಡಿದ್ದು. ಇವ್ರು ಕದ್ದಿದ್ದಾರೆ" ಎಂದು ಘೋಷಿಸಿದ.

ಆಯುಧಪೂಜೆ ಬಂತು. ಎಸ್ಟೇಟುಗಳಲ್ಲಿ ಆ ದಿನದ ಪದ್ಧತಿ ಗೊತ್ತಿರುವಂಥದ್ದೇ. ಕಾಫಿ ಹಣ್ಣು ಸುಲಿಯುವ ಪಲ್ಪರು, ಸ್ಪ್ರೇ ಪಂಪು, ಜೀಪು, ಟ್ರ್ಯಾಕ್ಟರು, ಗರಗಸ, ಕತ್ತಿ, ಎಲ್ಲವನ್ನೂ ತೊಳೆದು ಸಾಲಾಗಿ ಇಟ್ಟು, ವಿಭೂತಿ ಬಳಿದು, ಕುಂಕುಮ ಇಟ್ಟು, ಕುಂಬಳಕಾಯಿ ಒಡೆಯಬೇಕು. ಯಂತ್ರ ಎಂಬ ಹೆಸರಿದ್ದ ಮೇಲೆ ಪೂಜೆ ತಪ್ಪಬಾರದು. ನಮೂನೆ ಕುರ್ಚಿ ಇನ್ನೂ ಯಂತ್ರವೋ ಅಲ್ಲವೋ ಎಂಬ ಚರ್ಚೆಯಾಗಿ, ಮುಂದೆ ಆಗಲಿರುವ ಯಂತ್ರ ಎಂದು ತೀರ್ಮಾನವಾಗಿ, ಅದನ್ನೂ ಸಾಲಿಗೆ ತಂದರು.

ತೊಳೆಸುವ ಜವಾಬ್ದಾರಿ ಎಸ್ಟೇಟಿನ ರೈಟರ್ ಕುಮಾರನದು. ರೈಟರ್ ಅಂದರೆ ಆಳುಗಳ ಹಾಜರಿ ಬರೆಯುವವನು, ಧಣಿ ಕೆಮ್ಮಿದರೆ ನೀರು ತರುವವನೂ ಅವನೇ. ಮುಚ್ಚಳದ ಹಣೆಯ ಮೇಲೆ, ಕುಂಕುಮ ಇಡಬೇಕಾದ ಸರಿಯಾದ ಜಾಗದಲ್ಲೇ, ಇಂಗ್ಲಿಷಿನ ಒಂದು ಚೀಟಿ ಅಂಟಿಸಿತ್ತು. ಕುಮಾರ ಅದನ್ನು ಕಿತ್ತ. ಚೀಟಿ ಬಂತು, ಅಂಟು ಉಳಿಯಿತು. ದೇವರ ಕೆಲಸಕ್ಕೆ ಅಂಟಂಟು ಇರಬಾರದು ಎಂದು, ಜೀಪಿನ ಬಣ್ಣಕ್ಕೆ ತಂದಿದ್ದ ಥಿನ್ನರ್ ಡಬ್ಬಿ ತೆಗೆದು ಬಟ್ಟೆ ಅದ್ದಿ ಉಜ್ಜಿದ. ಅಂಟು ಹೋಯಿತು. ಜಾಗ ಹೊಳೆಯಿತು. ಖುಷಿಯಾಗಿ ಇಡೀ ಮುಚ್ಚಳಕ್ಕೇ ಅದರ ಸ್ನಾನ ಮಾಡಿಸಿದ.

ಮಂಗಳಾರತಿ ಮುಗಿಯುವ ಹೊತ್ತಿಗೆ ಮುಚ್ಚಳಕ್ಕೆ ಗಂಜಿ ಬಳಿದ ಹಾಗೆ ಬಿಳಿ ಬಂತು. ಅದರ ಮೇಲೆ ಜೇಡರ ಬಲೆಯಂಥ ಬಿರುಕು. ಗುಂಡಿಗೆ ಒಡೆಯದ ಪ್ಲಾಸ್ಟಿಕ್ಕು ಕುಮಾರನ ಭಕ್ತಿಗೆ ಒಡೆದಿತ್ತು. ಆ ಚೀಟಿಯಲ್ಲಿ ಏನಿತ್ತು ಎಂದು ಆಮೇಲೆ ಓದಿಸಿದರು. ಒಣ ಬಟ್ಟೆಯಲ್ಲಿ ಮಾತ್ರ ಒರೆಸಿ, ಥಿನ್ನರ್ ತಾಗಿಸಬೇಡಿ ಎಂದು ಬರೆದಿತ್ತಂತೆ.

ಕಂಪನಿಗೆ ಫೋನು ಹೋಯಿತು. ಇನ್ನೊಂದು ಬರಬೇಕಾದರೆ ತಿಂಗಳು ಬೇಕು ಎಂದರು. ಮಂತ್ರಿ ಬರುವುದು ವಾರದೊಳಗೆ. ಸೋಮಶೇಖರಪ್ಪನವರು ಮೂಡಿಗೆರೆಯಿಂದ ಜಾವೇದನನ್ನು ಕರೆಸಿದರು. ಜಾವೇದ್ ಬಸ್‌ಸ್ಟ್ಯಾಂಡ್ ಹತ್ತಿರ ಜೀಪು, ಕಾರುಗಳಿಗೆ ಸೀಟು ಹೊಲಿದು ಗಾಜಿಗೆ ಕೂಲಿಂಗ್ ಪೇಪರ್ ಅಂಟಿಸುವವನು. ಮುಚ್ಚಳ ನೋಡಿ ಅವನು ನಾಲಿಗೆ ಲೊಚಗುಟ್ಟಿದ.

"ಇದು ಆಗೋದಿಲ್ಲ ಅಯ್ಯ. ಸತ್ತೋಗಿದೆ. ಬೇಕಾದ್ರೆ ಕೂಲಿಂಗ್ ಪೇಪರಲ್ಲೇ ಒಂದು ಮುಚ್ಚಳ ಮಾಡ್ಬೋದು. ಆದ್ರೆ ಒಳಗೆ ಬಾಗಿರೋ ಹಂದರ ಬೇಕು. ಕಬ್ಬಿಣದ್ದಾದ್ರೆ ಭಾರ, ತಂತಿಯಾದ್ರೆ ನಿಲ್ಲಲ್ಲ."

ಕಣದ ಮೂಲೆಯಲ್ಲಿ ಕೋಳಿಪಂಜರ ಹೆಣೆಯುತ್ತಿದ್ದ ತಮ್ಮಯ್ಯ ಎದ್ದೇ ಬಿಟ್ಟ. "ನಾನು ಅವತ್ತೇ ಹೇಳ್ಲಿಲ್ವಾ, ಇದು ಗೊರಬು ಅಂತ!"

ಸೋಮಶೇಖರಪ್ಪನವರು ಅವನನ್ನು ಮೊದಲ ಸಲ ಜಗಲಿಯ ಮೇಲೆ ಕೂರಿಸಿ ಕಾಫಿ ಕೊಡಿಸಿದರು. "ತಮ್ಮಯ್ಯ, ಈ ಜಿಲ್ಲೇಲಿ ನಿನ್ನಂಥ ಕೈ ಇನ್ನೊಂದಿಲ್ಲ" ಎಂದರು. ಅಷ್ಟು ಸಾಕಿತ್ತು. ಆದರೂ ಅವನು ಒಂದು ಬುದ್ಧಿವಂತಿಕೆ ಮಾಡಿದ.

"ಹೆಣ್ಕೊಡ್ತೀನಿ ಅಯ್ಯ. ವಾಟೆ ಪಾಸು?"

"ಮಂತ್ರಿಗಳೇ ಬರ್ತಾರಲ್ಲ ಮಾರಾಯ. ಅವ್ರ ಕೈಲೇ ಕೊಡಿಸ್ತೀನಿ. ಸ್ಟೇಜ್ ಮೇಲೆ."

"ಈಗ ಕಡಿಯಕ್ಕೆ ಹೋದ್ರೆ ಗಾರ್ಡ್ ಸಾಹೇಬ್ರು?"

"ಅವ್ನೇ ನಿನ್ನ ಜೊತೆ ಬರ್ತಾನೆ, ಹೋಗು."

ಬಂದ. ಬರೀ ಬರಲಿಲ್ಲ, ಒಂದು ಕತ್ತಿ ತಾನೇ ಹಿಡಿದು ಬಂದ. ಯಾವ ಮೆಳೆ ಎಳೆಯದು, ಯಾವುದು ಬಲಿತದ್ದು ಎಂದು ಅವನಿಗೂ ತಮ್ಮಯ್ಯನಿಗೂ ಗುಡ್ಡದ ಮೇಲೆ ಜಗಳವಾಯಿತಂತೆ. ಹಸಿ ವಾಟೆಯ ಹೊರೆ ಗುಡ್ಡ ಇಳಿದು ಹಸಿರು ಬೋರ್ಡಿನ ಪಕ್ಕದಲ್ಲೇ ಎಸ್ಟೇಟಿನ ಟ್ರ್ಯಾಕ್ಟರು ಹತ್ತಿತು. ಹೊಸಮಕ್ಕಿಯ ಅಂಗಡಿ ಸಾಲು ಪೂರ್ತಿ ನೋಡಿದೆ.

ಮೊದಲು ಒಂದೇ ಮುಚ್ಚಳ ಎಂದಿದ್ದರು. ಬರುಬರುತ್ತ ಅಧ್ಯಕ್ಷರ ಆಸೆ ಬೆಳೆಯಿತು. ಒಂದೇ ಕುರ್ಚಿ ನೇತಾಡಿದರೆ ಬಾವಿಗೆ ಕೊಡ ಬಿಟ್ಟ ಹಾಗಿರುತ್ತದೆ, ಎಂಟಾದರೂ ಬೇಕು, ಫೋಟೋದಲ್ಲಿ ಸಾಲು ಕಾಣಬೇಕು ಎಂದರು. ಬಂಗಲೆಯ ಜಗಲಿಯಿಂದ ಏಳು ಬೆತ್ತದ ಕುರ್ಚಿ ಬಂದವು. ಹಿಂದಿನ ಕಾಲದಲ್ಲಿ ಹಳ್ಳದಿಂದ ಮರ ಎಳೆಯುತ್ತಿದ್ದ ಕೇಬಲ್ಲು, ರಾಟೆ ಹುಡುಕಿ ತೆಗೆದರು. ಎರಡು ಸಿಲ್ವರ್ ಓಕ್ ಮರಗಳ ನಡುವೆ, ಕೆಳಗೆ ಇಳಿಜಾರು ಇರುವ ಕಡೆ, ಅದನ್ನು ಬಿಗಿದರು. ಟ್ರ್ಯಾಕ್ಟರು ಹಗ್ಗ ಎಳೆದರೆ ಕುರ್ಚಿಗಳು ಮುಂದೆ ಹೋಗಬೇಕು.

ತಮ್ಮಯ್ಯ ಜಾಲರಿ ಹೆಣೆದ, ಜಾವೇದ್ ಪೇಪರ್ ಎಳೆದು ಅಂಟಿಸಿದ. ಎಲೆ ಹಾಸುವ ಜಾಗದಲ್ಲಿ ಕಪ್ಪು ಕೂಲಿಂಗ್ ಪೇಪರ್. ಇಬ್ಬರದೂ ಇಡೀ ದಿನ ಕಾದಾಟ.

"ನಿನ್ನ ಜಾಲರಿ ಕಣ್ಣು ಸಣ್ಣದು ಮಾಡು ತಮ್ಮಯ್ಯಣ್ಣ, ಪೇಪರ್ ಜೋತು ಬೀಳ್ತದೆ."

"ನನ್ನ ಕಣ್ಣು ನೋಡ್ಬೇಡಿ ಸಾಬ್ರೇ, ನಿಮ್ಮ ಗೋಂದು ನೋಡ್ಕಳಿ. ಹಲಸಿನ ಮೇಣವಾದ್ರೂ ವಾಸಿ."

"ಮಂತ್ರಿ ಕೂದಲಿಗೆ ಹಲಸಿನ ಮೇಣ ಹತ್ತಿದ್ರೆ ಬಿಡಿಸಕ್ಕೆ ನೀನೇ ಹೋಗ್ಬೇಕು."

ಮುಂದಿನ ಬಾಗಿಲೊಂದು ಉಳಿದಿತ್ತು. ಕಂಪನಿಯ ಮುಚ್ಚಳ ಮೇಲಕ್ಕೆತ್ತಿದರೆ ತೆರೆಯುತ್ತಿತ್ತು. ಗೊರಬಿಗೆ ಬಾಗಿಲೆಂಬುದೇ ಇಲ್ಲ. ತಮ್ಮಯ್ಯನ ವಂಶದಲ್ಲಿ ಯಾರೂ ಮನುಷ್ಯನನ್ನು ಒಳಗಿಟ್ಟು ಮುಚ್ಚುವ ಗೊರಬು ಹೆಣೆದವರಲ್ಲ. ಆದರೆ ಕೋಳಿಪಂಜರ ಹೆಣೆದಿದ್ದ. ಅದೇ ರೀತಿ ಒಂದು ಪಡಿ ಮಾಡಿ, ಗಾಳಿಗೆ ಹಾರದಿರಲಿ ಎಂದು ಹೊರಗಿನಿಂದ ಬೆತ್ತದ ಸಿಪ್ಪೆಯಲ್ಲಿ ಗಂಟು ಹಾಕುವ ಹಾಗೆ ಮಾಡಿದ. ಎಳೆದಷ್ಟೂ ಬಿಗಿಯುವ ಗಂಟು. ಒಳಗಿರುವ ಕೋಳಿಗೆ ಹೊರಬರುವ ಹಕ್ಕಿಲ್ಲ ಎಂಬುದು ಆ ಕಸುಬಿನ ನಿಯಮ. ಅದನ್ನು ಇಲ್ಲಿ ಬದಲಿಸಬೇಕು ಎಂದು ಅವನಿಗೂ ಹೊಳೆಯಲಿಲ್ಲ, ಜಾವೇದನಿಗೂ ಹೊಳೆಯಲಿಲ್ಲ.

ಮಂತ್ರಿ ಬಂದ ದಿನ ಬೆಳಿಗ್ಗೆ ನಾವು ಸಂಘದವರು ಕಪ್ಪು ಬಾವುಟ ಹಿಡಿದು ಹೊರಟಿದ್ದೆವು. ಬಾವುಟ ಬಿಚ್ಚುವ ಮೊದಲೇ ಪೊಲೀಸರು ವ್ಯಾನಿಗೆ ತುಂಬಿ ಒಯ್ದು ಸಂಜೆವರೆಗೆ ಕೂರಿಸಿಕೊಂಡರು, ಚಿತ್ರಾನ್ನ ಕೊಟ್ಟರು. ಹಾಗಾಗಿ ಮುಂದಿನದನ್ನು ನಾನು ಕಣ್ಣಾರೆ ಕಂಡಿಲ್ಲ. ಕಂಡವರು ಐನೂರಕ್ಕೂ ಹೆಚ್ಚು ಜನ. ಅವರಲ್ಲಿ ಬಹಳ ಜನ ಬೇರೆ ಬೇರೆಯಾಗಿ ನನಗೆ ಹೇಳಿದ್ದು ಒಂದೇ ತರಹ ಇದೆ.

ವಾಲಗ ಊದಿದರು. ಹಾರ ಬಿದ್ದವು. ಕಂಪನಿಯ ಮನುಷ್ಯ ಗೊರಬುಗಳನ್ನು ನೋಡಿ ಒಂದು ಕ್ಷಣ ಬಾಯಿ ತೆರೆದು, ಆಮೇಲೆ ಮಂತ್ರಿಗಳಿಗೆ, "ಸ್ಥಳೀಯ ಶೈಲಿ ಸರ್, ವಿದೇಶಿಯರಿಗೆ ಬಹಳ ಇಷ್ಟ" ಎಂದ. ಮಂತ್ರಿಗಳು ಮೊದಲ ಕುರ್ಚಿಯಲ್ಲಿ ಕೂತರು, ಉಳಿದ ಏಳು ಖಾಲಿ. ಪಡಿ ಮುಚ್ಚಿ ಗಂಟು ಬಿಗಿದವನು ತಮ್ಮಯ್ಯನೇ. ಟ್ರ್ಯಾಕ್ಟರು ಎಳೆಯಿತು. ಎಂಟು ಕುರ್ಚಿಗಳೂ ಸಾಲಾಗಿ ಇಳಿಜಾರಿನ ಮೇಲೆ ತೇಲಿದವು. ನಿಜವಾಗಿಯೂ ಚಂದ ಇತ್ತಂತೆ. ಕೆಳಗೆ ಎರಡಾಳು ಎತ್ತರ ಆಗುವ ಹೊತ್ತಿಗೆ ಟ್ರ್ಯಾಕ್ಟರು ಒಂದು ಸಲ ಕೆಮ್ಮಿ ನಿಂತಿತು.

ಡ್ರೈವರ್ ಸೆಲ್ಫ್ ಹೊಡೆದ. ಜಾವೇದ್ ಓಡಿಹೋಗಿ ಬಾನೆಟ್ಟಿಗೆ ತಲೆ ತೂರಿಸಿದ. ಮೈಕು ಹಿಡಿದಿದ್ದ ರೈಟರ್ ಕುಮಾರ ಧಣಿಯ ಮುಖ ನೋಡಿದ. ಧಣಿ ಕೈ ಸನ್ನೆ ಮಾಡಿದರು: ಮಾತಾಡು.

"ಮಾನ್ಯ ಮಂತ್ರಿಗಳು ಈಗ ನಮ್ಮ ಮಲೆನಾಡಿನ ಪ್ರಕೃತಿ ಸೌಂದರ್ಯವನ್ನು ಸವಿಯುತ್ತಿದ್ದಾರೆ!"

ಜನ ಚಪ್ಪಾಳೆ ತಟ್ಟಿದರು. ಕಪ್ಪು ಪೇಪರಿನ ಒಳಗೆ ಏನೂ ಕಾಣುತ್ತಿರಲಿಲ್ಲ. ಮೊದಲನೆಯ ಗೊರಬು ಸ್ವಲ್ಪ ಅಲುಗಾಡಿತು.

"ಮಂತ್ರಿಗಳು ಕೈ ಬೀಸುತ್ತಿದ್ದಾರೆ!"

ಮತ್ತೆ ಚಪ್ಪಾಳೆ. ಗೊರಬು ಜೋರಾಗಿ ಅಲುಗಾಡಿತು. ಒಳಗಿನಿಂದ ಗುದ್ದಿದ ಸದ್ದೂ ಬರುತ್ತಿತ್ತಂತೆ. ಆದರೆ ವಾಲಗದವರು ಹುರುಪಿನಲ್ಲಿದ್ದರು.

"ಮಂತ್ರಿಗಳಿಗೆ ಅತ್ಯಂತ ಸಂತೋಷವಾಗಿದೆ!"

"ಒಳಗೆ ಕುಣೀತಿದಾರೆ ಕಣೇ" ಎಂದು ಅಂಜನಮ್ಮ ಪಕ್ಕದವಳಿಗೆ ಹೇಳಿದಳು. ಆಮೇಲೆ ಮಳೆ ಬಂತು. ನೆತ್ತಿಗುಡ್ಡದ ಮಳೆ, ಹೇಳಿ ಕೇಳಿ ಬರುವುದಲ್ಲ. ಜನ ಸಮಿತಿ ಹಂಚಿದ್ದ ಲಾಡಿನ ಪೊಟ್ಟಣ ತಲೆಗೆ ಹಿಡಿದು ನಿಂತರು. ಸಮಿತಿಯವರು ಶಾಮಿಯಾನದ ಕೆಳಗೆ ಸೇರಿಕೊಂಡರು, ಅದೂ ಸೋರಿತು. ಅಲ್ಲಿ ನೆನೆಯದೆ ಇದ್ದವರು ಒಬ್ಬರೇ, ನೇತಾಡುತ್ತಿದ್ದ ಮಂತ್ರಿಗಳು. ಟ್ರ್ಯಾಕ್ಟರು ಜೀವ ಹಿಡಿದು, ಹಗ್ಗ ಹಿಂದಕ್ಕೆ ಬಂದು, ಕುರ್ಚಿ ನೆಲ ಮುಟ್ಟುವ ಹೊತ್ತಿಗೆ ಮಳೆಯೂ ಮುಗಿದಿತ್ತು, ಸಭೆಯೂ ಹೆಚ್ಚುಕಡಿಮೆ ಮುಗಿದಿತ್ತು. ಗಂಟು ಬಿಚ್ಚಲು ಬರಲಿಲ್ಲ. ಕುಯ್ದು ತೆಗೆದರು.

ಹೊರಬಂದ ಮಂತ್ರಿಗಳ ಮುಖ ಹಣ್ಣಾದ ರೊಬಸ್ಟಾ ಕಾಫಿಯ ಕೆಂಪಿಗೆ ತಿರುಗಿತ್ತು. ಕುಮಾರ ಏನು ಮಾಡಬೇಕೆಂದು ತೋಚದೆ ಮೈಕನ್ನು ಅವರ ಬಾಯಿಗೆ ಹಿಡಿದ. ಅವರು ಕೂಗಿದ್ದು ಇಡೀ ಗುಡ್ಡಕ್ಕೆ ಕೇಳಿಸಿತು.

"ಯಾರು ಇದನ್ನು ಮಾಡಿದವನು?"

ಅಲ್ಲಿದ್ದ ಯಾವ ಮನುಷ್ಯನಿಗೂ ಆ ಪ್ರಶ್ನೆಯ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ಸೋಮಶೇಖರಪ್ಪನವರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಭಾವ ಎರಡು ಹೆಜ್ಜೆ ಸರಿದರು. ಕಂಪನಿಯ ಮನುಷ್ಯ ಕಾರಿನ ಹತ್ತಿರ ಇದ್ದ. ಒಬ್ಬನೇ ಒಬ್ಬ ಜನರನ್ನು ತಳ್ಳಿಕೊಂಡು, ಒದ್ದೆ ಮುಂಡಾಸು ಸರಿಮಾಡಿಕೊಂಡು, ಹಲ್ಲು ಕಿರಿಯುತ್ತ ಮುಂದೆ ಬಂದ. ಈ ಪರಿ ಮಳೆಯಲ್ಲಿ ಒಂದು ಹನಿ ಒಳಗೆ ಬಿದ್ದಿಲ್ಲ, ಮಂತ್ರಿ ಮೆಚ್ಚಿದ್ದಾರೆ, ಇನ್ನು ಪಾಸು ಕೊಡುವುದೊಂದೇ ಬಾಕಿ ಎಂದು ತಿಳಿದಿದ್ದ ಆ ಪುಣ್ಯಾತ್ಮ.

"ನಾನೇ ಸ್ವಾಮಿ! ಎಂಟೂ ನಂದೇ ಕೈಕೆಲ್ಸ. ನೆತ್ತಿಗುಡ್ಡದ ಹಸಿ ವಾಟೆ ಸ್ವಾಮಿ, ಬೇಕಾರೆ ಬಗ್ಸಿ ನೋಡಿ!"

ಮೈಕು ಇನ್ನೂ ಅಲ್ಲೇ ಇತ್ತು. ಅವನ ಮಾತೂ ಇಡೀ ಗುಡ್ಡಕ್ಕೆ ಕೇಳಿಸಿತು. ಮಂತ್ರಿಗಳು ಅವನನ್ನು ಬಿಟ್ಟು ಅವನ ಹಿಂದೆ ನಿಂತಿದ್ದ ಖಾಕಿಯವರ ಕಡೆ ತಿರುಗಿದರು. "ಗುಡ್ಡದಲ್ಲಿ ಕಡಿಯೋದಕ್ಕೆ ಇವನಿಗೆ ಯಾರಪ್ಪಾ ಪರ್ಮಿಷನ್ ಕೊಟ್ಟೋರು?"

ಖಾಕಿಯವರು ಬಾಯಿ ಬಿಡುವ ಮೊದಲು ತಮ್ಮಯ್ಯನೇ ಉತ್ತರ ಕೊಟ್ಟ, ಅದೇ ಹೆಮ್ಮೆಯಲ್ಲಿ, ಅದೇ ಮೈಕಿನಲ್ಲಿ: "ಸೋಮಶೇಖರಪ್ಪಯ್ಯ ಹೇಳಿ ಕಳ್ಸಿದ್ದು ಸ್ವಾಮಿ! ಗಾರ್ಡ್ ಸಾಹೇಬ್ರೇ ಕತ್ತಿ ಹಿಡ್ಕಂಡು ಜೊತೇಲಿ ಬಂದಿದ್ರು!"

ಆಗ ಮೈಕು ಕೆಟ್ಟಿತು. ಕುಮಾರ ಕೆಡಿಸಿದ ಎನ್ನುವವರೂ ಇದ್ದಾರೆ.

ಸಂಜೆಗೆ ಕೇಸು ಆಯಿತು. ರಕ್ಷಿತ ಗುಡ್ಡಕ್ಕೆ ಅತಿಕ್ರಮ ಪ್ರವೇಶ, ಹಸಿ ವಾಟೆ ಕಳವು. ಎಂಟು ಗೊರಬುಗಳೂ ಮುದ್ದೆಮಾಲು, ಅಂದರೆ ಕಳವಿನ ಸಾಕ್ಷಿ ಎಂದು ಜಪ್ತಿಯಾದವು. ಮಂತ್ರಿ ಕೂತಿದ್ದನ್ನೂ ಸೇರಿಸಿ. ಮಹಜರಿನಲ್ಲಿ ತಮ್ಮಯ್ಯನ ತಪ್ಪೊಪ್ಪಿಗೆ ಇದೆ: 'ನಾನೇ, ಎಂಟೂ ನನ್ನದೇ, ನೆತ್ತಿಗುಡ್ಡದ ಹಸಿ ವಾಟೆ.' ಅಲ್ಲಿಗೆ ವಾಕ್ಯ ಮುಗಿದಿದೆ. ಅದನ್ನು ಕೇಳಿಸಿಕೊಂಡೆವು ಎಂದು ಊರಿನ ಐದು ಜನ ಸಹಿ ಹಾಕಿದ್ದಾರೆ. ಅವನ ಎರಡನೆಯ ಮಾತು ಆ ಐವರಿಗೂ ಕೇಳಿಸಲಿಲ್ಲವಂತೆ. ಒಂದೇ ಗಂಟಲು, ಒಂದೇ ಮೈಕು, ಮೊದಲನೆಯ ಮಾತಿಗೆ ನೆಟ್ಟಗಿದ್ದ ಕಿವಿ ಎರಡನೆಯದರ ಹೊತ್ತಿಗೆ ನಿವೃತ್ತಿಯಾಗಿತ್ತು.

ತಮ್ಮಯ್ಯನಿಗೆ ಜಾಮೀನು ಸಿಕ್ಕಿತು. ಷರತ್ತು ಒಂದೇ: ಕೇಸು ಮುಗಿಯುವವರೆಗೆ ನೆತ್ತಿಗುಡ್ಡಕ್ಕೆ ಕಾಲಿಡಕೂಡದು. ಮೂರು ಮಳೆಗಾಲ ಕಳೆಯಿತು. ನಾಟಿಯ ಹೆಂಗಸರು ಗೊರಬು ಕೇಳಲು ಬಂದು ಬಂದು ಈಗ ಬರುವುದನ್ನು ಬಿಟ್ಟಿದ್ದಾರೆ. ಅವನು ಈಗ ಆಲ್ದೂರು ಕಡೆಯ ಎಸ್ಟೇಟೊಂದರಲ್ಲಿ ಕಳೆ ತೆಗೆಯುತ್ತಾನೆ, ಎಸ್ಟೇಟಿನವರು ಕೊಟ್ಟ ಪ್ಲಾಸ್ಟಿಕ್ ಕೊಪ್ಪೆ ಹಾಕಿಕೊಂಡು. ಕೊಪ್ಪೆ ತೂತು. ಅದರ ಬಗ್ಗೆ ಅವನು ದಿನವೂ ಭಾಷಣ ಮಾಡುವುದರಿಂದ ಮೇಸ್ತ್ರಿ ಅವನನ್ನು ಸಾಲಿನ ಕೊನೆಗೆ ಹಾಕಿದ್ದಾನೆ. ಶಿಕ್ಷೆಯಾದರೆ ಅವನ ಹೆಸರು ಕಾಡುಗಳ್ಳರ ಪಟ್ಟಿಗೆ ಹೋಗುತ್ತದೆ. ಆಮೇಲೆ ಪಾಸಿನ ಮಾತೇ ಇಲ್ಲ, ಸಾಯುವವರೆಗೆ ಗುಡ್ಡದ ಮಾತಿಲ್ಲ. ಅಲ್ಲಿಗೆ ಹೊಸಮಕ್ಕಿಯಲ್ಲಿ ಗೊರಬು ಹೆಣೆಯುವ ಕೈ ಮುಗಿಯಿತು.

ಮುದ್ದೆಮಾಲಿನ ಗತಿಯನ್ನೂ ಹೇಳಿಬಿಡುತ್ತೇನೆ. ರೇಂಜ್ ಕಚೇರಿಯ ಹಿತ್ತಲಲ್ಲಿ ಅವು ಬಿದ್ದಿದ್ದವು. ಕಚೇರಿಯ ಹೆಂಚು ಸೋರುವುದಕ್ಕೆ ಶುರುವಾದಾಗ ಎರಡನ್ನು ಫೈಲಿನ ಕಪಾಟಿನ ಮೇಲೆ ಹಾಕಿದರು. ಒಂದು ಬೈಕಿಗೆ. ಒಂದು ಗಾರ್ಡಿನ ಮನೆಯ ಕೋಳಿಗಳಿಗೆ. ತಮ್ಮಯ್ಯ ಕೇಸಿನ ಯಾವುದೋ ಕಾಗದಕ್ಕೆ ಸಹಿ ಹಾಕಲು ಹೋದಾಗ ಕಂಡು, "ಸೋರ್ತದಾ ಸಾಹೇಬ್ರೇ?" ಎಂದು ಕೇಳಿದನಂತೆ. "ಇಲ್ಲ ಮಾರಾಯ, ಒಂದು ಹನಿ ಇಲ್ಲ" ಎಂದರಂತೆ. ಆ ಖುಷಿಯಲ್ಲಿ ಅವತ್ತು ಮನೆಗೆ ಬಂದವನನ್ನು ಅಂಜನಮ್ಮ ಸೌಟು ಹಿಡಿದು ಓಡಿಸಿದಳು.

"ನಿಂಗೆ ಜೈಲಾದ್ರೂ ಬಾಗ್ಲು ಚೆನ್ನಾಗಿದೆ ಅಂತ ಹೊಗಳ್ತೀಯ! ಅವತ್ತು ಬಾಯಿ ಮುಚ್ಕಂಡು ನಿಂತಿದ್ರೆ ಆಗ್ತಿರ್ಲಿಲ್ವಾ?"

"ಯಾರು ಮಾಡಿದ್ದು ಅಂತ ಕೇಳಿದ್ರಲ್ಲೇ. ಸುಳ್ಳು ಹೇಳ್ಲಾ?"

"ನಿಜ ಹೇಳಿದ್ಯಲ್ಲ, ಎರಡು ನಿಜ ಹೇಳಿದ್ದೆ. ಒಂದು ಎಲ್ಲಿ ಹೋಯ್ತು, ಹುಡುಕ್ಕಂಡು ಬಾ ಹೋಗು!"

ಅಂಜನಮ್ಮ ಹೇಳಿದ್ದನ್ನೇ ವಕೀಲೆ ಪ್ರೇಮಕುಮಾರಿ ಕಾನೂನಿನ ಮಾತಿನಲ್ಲಿ ಹೇಳುತ್ತಾರೆ. ಅವರು ಮೂಡಿಗೆರೆಯಲ್ಲಿ ನಮ್ಮ ಸಂಘದ ಕೇಸುಗಳನ್ನು ಫೀಸಿಲ್ಲದೆ ನಡೆಸುವವರು. ಕಳವು ಎನ್ನಲು ಅವನು ಕದ್ದುಮುಚ್ಚಿ ಹೋಗಿರಬೇಕು. ಗಾರ್ಡೇ ಜೊತೆಗೆ ಹೋಗಿದ್ದ, ಧಣಿಯೇ ಕಳಿಸಿದ್ದರು ಎಂದು ಸಾಬೀತಾದರೆ ಕೇಸು ನಿಲ್ಲುವುದಿಲ್ಲ. ಗಾರ್ಡು ತಾನು ಆ ವಾರ ಜ್ವರದಲ್ಲಿದ್ದೆ ಎಂದಿದ್ದಾನೆ. ಸೋಮಶೇಖರಪ್ಪನವರು ತಮ್ಮಯ್ಯ ಎಂಬ ಹೆಸರನ್ನೇ ಕೇಳಿಲ್ಲವಂತೆ. ಜಾವೇದ್ ಕೋರ್ಟಿಗೆ ಬಂದು ಕಂಡದ್ದನ್ನೆಲ್ಲ ಹೇಳಿದ. ಅವನಿಗೂ ಕೂಲಿ ಬಾಕಿ ಇದೆ, ಆ ಸಿಟ್ಟಿಗೆ ಹೇಳುತ್ತಿದ್ದಾನೆ ಎಂದು ಎದುರು ವಕೀಲರು ತಳ್ಳಿಹಾಕಿದರು. ಮೈಕಿನ ಮಾತು ಕೇಳಿಸಿತೇ ಎಂದರೆ, ಟ್ರ್ಯಾಕ್ಟರಿನ ಸದ್ದಿನಲ್ಲಿ ಕೇಳಿಸಲಿಲ್ಲ ಎಂದ. ಬೇಕಾದರೆ ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. ಅಂಜನಮ್ಮ ಕೇಳಿದ್ದಾಳೆ, ಆದರೆ ಹೆಂಡತಿಯ ಮಾತು ಎಂದು ಎದುರಿನವರು ಮೊದಲೇ ನಗುತ್ತಿದ್ದಾರೆ. ರೈಟರ್ ಕುಮಾರನನ್ನು ನಾನೇ ಹೋಗಿ ಕೇಳಿದೆ.

"ನಂಗೆ ನೆನಪಿಲ್ಲ ಮಾರಾಯ್ರೆ."

"ಮೈಕು ಹಿಡಿದಿದ್ದವನು ನೀನು."

"ಹಿಡಿದಿದ್ದು ನೆನಪಿದೆ. ಕೇಳಿದ್ದು ನೆನಪಿಲ್ಲ."

ಮೂರು ವರ್ಷದಲ್ಲಿ ಬೇರೆಯವರ ಬಾಗಿಲನ್ನೂ ತಟ್ಟಿದ್ದೇನೆ. ಜಗಲಿಯ ಮೇಲೆ ಕೂರಿಸಿ, ಕಾಫಿ ಕೊಟ್ಟು, ಗೊರಬು ಅಲುಗಾಡಿದ್ದು, ಕುಮಾರ ಕೂಗಿದ್ದು, ಎಲ್ಲ ಅಭಿನಯ ಮಾಡಿ ತೋರಿಸುತ್ತಾರೆ. ತಮ್ಮಯ್ಯನ ಎರಡನೆಯ ಮಾತನ್ನು ಅವನದೇ ಧ್ವನಿಯಲ್ಲಿ ಹೇಳಿ ಹೊಟ್ಟೆ ಹಿಡಿದು ನಗುತ್ತಾರೆ. ಅದನ್ನೇ ಕೋರ್ಟಿನಲ್ಲಿ ಹೇಳಿ ಎಂದರೆ ಕಾಫಿ ಲೋಟ ಒಳಗೆ ಹೋಗುತ್ತದೆ. ಒಬ್ಬರಿಗೆ ಸೋಮಶೇಖರಪ್ಪನವರ ತೋಟದ ದಾರಿ ಬೇಕು, ಇನ್ನೊಬ್ಬರ ಮಗಳ ಮದುವೆಗೆ ಅವರ ಜೀಪು ಬೇಕು, ಮತ್ತೊಬ್ಬರಿಗೆ ರೋಪ್‌ವೇ ಬಂದರೆ ಅದರ ಬುಡದಲ್ಲಿ ಅಂಗಡಿ ಬೇಕು. ಹೌದು, ರೋಪ್‌ವೇ ಫೈಲು ಇನ್ನೂ ಸತ್ತಿಲ್ಲ. ಈ ಸಲ ಮುಚ್ಚಳದ ಬಣ್ಣ ಹಸಿರಂತೆ.

ಇದನ್ನು ಓದುತ್ತಿರುವವರಲ್ಲಿ ಮೂಡಿಗೆರೆ, ಕಳಸ, ಹೊಸಮಕ್ಕಿ ಕಡೆಯವರು ಬಹಳ ಜನ ಇದ್ದೀರಿ. ಆ ದಿನ ನೀವು ಅಲ್ಲಿದ್ದಿರಿ. ಲಾಡು ತಿಂದಿರಿ, ಚಪ್ಪಾಳೆ ತಟ್ಟಿದಿರಿ, ಮೈಕು ಕೆಡುವ ಮೊದಲು ತಮ್ಮಯ್ಯ ಏನಂದ ಎಂದು ನಿಮಗೆ ಅಕ್ಷರ ಬಿಡದೆ ಗೊತ್ತಿದೆ. ಇಲ್ಲ, ನೀವು ಅಲ್ಲಿರಲಿಲ್ಲ ಎಂದಾದರೆ ಇದ್ದವರು ನಿಮ್ಮ ಮನೆಯಲ್ಲೇ ಇದ್ದಾರೆ, ಕೇಳಿ ನೋಡಿ. ಬರುವ ಸೋಮವಾರ ಮೂಡಿಗೆರೆ ಕೋರ್ಟಿನಲ್ಲಿ ತಮ್ಮಯ್ಯನ ವಾಯ್ದೆ. ನನಗೆ ನಿಮ್ಮ ಮರುಕ ಬೇಡ, ಚಂದಾ ಬೇಡ, ಲೇಖನ ಚೆನ್ನಾಗಿದೆ ಎಂಬ ಕಾಗದ ಬೇಡ. ಕಟಕಟೆ ಹತ್ತಿ, ಜಗಲಿಯಲ್ಲಿ ಹೇಳಿದ ಹಾಗೇ ಜೋರಾಗಿ, ಆ ಎರಡನೆಯ ಮಾತು ಹೇಳಿ. ಹೇಳುತ್ತೀರೋ ಇಲ್ಲವೋ?